ಮೋಟಾರು ನಿಲ್ಲಿಸದ ಡಬ್ಬಿ

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಅರೆಯುವ ಮೋಟಾರಿಗೆ ಒಂದು ಕಾವಲು ಡಬ್ಬಿ ಇತ್ತು. ಕರೆಂಟು ತರುವ ಮೂರು ಫೇಸಿನ ತಂತಿಗಳಲ್ಲಿ ಒಂದು ಹೋದರೂ ಸಾಕು, ಮೋಟಾರು ಸುಡುವ ಮೊದಲೇ ಡಬ್ಬಿ ಅದನ್ನು ನಿಲ್ಲಿಸಬೇಕು. ಆದರೆ ಹೋದ ತಿಂಗಳು ಮೋಟಾರು ಸುಟ್ಟು ಹೊಗೆಯಾಡಿದಾಗಲೂ ಡಬ್ಬಿ ತೆಪ್ಪಗಿತ್ತು. ಬೈಗುಳ ಬಿದ್ದದ್ದು ಎಲೆಕ್ಟ್ರಿಶಿಯನ್ ಮಾಯಪ್ಪನಿಗೆ.

"ಇನ್ನೊಮ್ಮೆ ಸುಟ್ಟರ ನೀ ಮನಿ ಹಾದಿ ಹಿಡಿ," ಎಂದಿದ್ದರು ಮಾಲೀಕ ಬಾಳಾಸಾಹೇಬರು.

ಬೆಳಗಾವಿಯಲ್ಲಿ ರಿಪೇರಿಯಾದ ಮೋಟಾರನ್ನು ಕೂಡಿಸಿದ ದಿನ, ಊಟದ ಬಿಡುವಿನಲ್ಲಿ ಮಾಯಪ್ಪ ಡಬ್ಬಿ ಬಿಚ್ಚಿ, ಒಳಗಿನ ಮೂರು ಕಾಲಿನ ಪುಟ್ಟ ಭಾಗಕ್ಕೆ ಮೀಟರು ಹಚ್ಚಿದ. ಒಂದು ಕಡೆಯಿಂದ ಹಿಡಿದರೆ ಮೀಟರಿನ ಮುಳ್ಳು ಏಳಬೇಕು, ತಿರುವಿ ಹಿಡಿದರೆ ಸುಮ್ಮನಿರಬೇಕು. ಇದು ಎರಡೂ ಸಲ ಹುಚ್ಚು ಹಿಡಿದಂತೆ ತುದಿಗೆ ಓಡಿತು.

"ಸಾಹೇಬರ, ಟ್ರಾನ್ಸಿಸ್ಟರ್ ಕೆಟ್ಟೈತ್ರಿ!"

"ದುಡಿಯೂ ಜಾಗಾದಾಗ ಟ್ರಾನ್ಸಿಸ್ಟರ್ ಹಚ್ಚಿ ಹಾಡು ಕೇಳತೀಯೇನ?" ಬಾಳಾಸಾಹೇಬರು ಕೈ ತೊಳೆಯದೆಯೇ ಓಡಿ ಬಂದರು.

"ರೇಡಿಯೋ ಅಲ್ರಿ, ಈ ಮೂರು ಕಾಲಿಂದು. ಒಳಗ ಶಾರ್ಟ್ ಆಗೇತಿ. ಫೇಸ್ ಹೋದ್ರೂ ಮೋಟಾರ್ ನಡೀಲಿ ಅಂತೈತಿ."

"ನಮಗೂ ಅಷ್ಟ ಬೇಕಲ್ಲೋ!" ಎಂದ ಗುಮಾಸ್ತ ಕಲ್ಲಯ್ಯ.

ಮಾಯಪ್ಪ ಹೊಸ ಟ್ರಾನ್ಸಿಸ್ಟರ್ ಬೆಸೆದ. ಮೋಟಾರು ಗುಂಯ್ ಎಂದಿತು. ಕಾಲು ತಾಸಿಗೆ 'ಟಕ್' ಎಂದು ನಿಂತಿತು. ಗುಂಡಿ ಒತ್ತಿದರೂ ಏಳಲಿಲ್ಲ.

"ಚಲೋ ಇದ್ದದ್ದನ್ನ ಕೆಡಿಸಿದಿ!" ಕಲ್ಲಯ್ಯ ಕೂಗಿದ.

"ತಮ್ಮಾ, ಮಣ್ಣು ಗಟ್ಟಿ ಆಗಾಕತ್ತೈತಿ," ಎಂದಳು ಮಣ್ಣು ಹೊರುವ ಚಂದ್ರವ್ವ.

"ಡಬ್ಬಿ ಕಿತ್ತು ಒಗಿ, ನೇರ ಕರೆಂಟ್ ಕೊಡು!" ಬಾಳಾಸಾಹೇಬರು ಗುಡುಗಿದರು.

ಮಾಯಪ್ಪ ಸ್ವಿಚ್‌ಬೋರ್ಡಿಗೆ ಬೆನ್ನು ಹಚ್ಚಿ ನಿಂತ. ಬೆವರು ಕಣ್ಣಿಗಿಳಿಯುತ್ತಿತ್ತು. "ಐದ ನಿಮಿಷ ಕೊಡ್ರಿ, ಲೈನ್ ನೋಡತೀನಿ."

ಬಲ್ಬು ಹಿಡಿದು ಮೂರೂ ತಂತಿ ಪರೀಕ್ಷಿಸಿದ. ಎರಡರಲ್ಲಿ ಹೊತ್ತಿತು, ಮೂರನೆಯದರಲ್ಲಿ ಇಲ್ಲ.

"ಒಂದ ಫೇಸ್ ಹೋಗೇತ್ರಿ! ಡಬ್ಬಿ ನಿಲ್ಲಸಲಿಲ್ಲಂದ್ರ ಈಗ ಸುಡತಿತ್ತು!"

ಲೈನ್‌ಮನ್ ಬಂದು ಕಂಬದ ಫ್ಯೂಸು ಕಟ್ಟಿದ. ಮೋಟಾರು ಮತ್ತೆ ತಿರುಗಿತು. ಬಾಳಾಸಾಹೇಬರು ಜ್ವರ ಬಿಟ್ಟ ಕೂಸಿನ ಹಣೆ ಮುಟ್ಟುವಂತೆ ಅದನ್ನು ಮುಟ್ಟಿ ನೋಡಿದರು.

"ಅಂದ್ರ ಇನ್ನ ಇದನ್ನ ಕಾಯಾಕ ಯಾರೂ ಬ್ಯಾಡ?"

"ಯಾರೂ ಬ್ಯಾಡ್ರಿ! ಹಗಲೂ ರಾತ್ರಿ ಡಬ್ಬೀನ ಕಾಯತೈತಿ," ಮಾಯಪ್ಪ ಎದೆಯುಬ್ಬಿಸಿ ಹೇಳಿದ.

ಬಾಳಾಸಾಹೇಬರು ಅವನ ಬೆನ್ನು ಚಪ್ಪರಿಸಿ ಗುಮಾಸ್ತನ ಕಡೆ ತಿರುಗಿದರು.

"ಕಲ್ಲಯ್ಯನವರ, ನಾಳಿಂದ ಈ ಮಾಯಪ್ಪನ್ನ ಮಣ್ಣು ಹೊರಾಕ ಹಚ್ಚರಿ."