ಹಳೆಯ ಡ್ಯಾಕಿಗೆ ಹೊಸ ಆಯುಷ್ಯ

ಚೆನ್ನಾಗಿರುವ ವಸ್ತು ಬುದ್ಧಿವಂತನ ಕೈಗೆ ಸಿಕ್ಕರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಡ್ಯಾಕ್. ಡಿಜಿಟಲ್ ಅಂಕಿಗಳನ್ನು ಕಿವಿಗೆ ಕೇಳುವ ಸಂಗೀತವಾಗಿಸುವ ಪೆಟ್ಟಿಗೆ. ಹಳೆಯದು, ಇಟ್ಟಿಗೆಯಷ್ಟು ಭಾರ. ನಾನು ಮನಸಾರೆ ಮೆಚ್ಚಿದ ಯಂತ್ರ ಅದೊಂದೇ.

ಅಂಗಡಿ

ಸಿ.ಡಿ. ಪ್ಲೇಯರ್ ಕೆಟ್ಟು ಡ್ಯಾಕಿಗೆ ಕೆಲಸ ತಪ್ಪಿತು. ಅಂಗಡಿಯವನು ಅದನ್ನು ತಿರುಗಿಸಿ ನೋಡಿ, "ವೈಫೈ ಇಲ್ಲ, ಬ್ಲೂಟೂತ್ ಇಲ್ಲ. ತೂಕ್ಕಿ ಪೋಡುಂಗ ಸಾರ್," ಎಂದ. ಎಸೆಯಲು ನನಗೆ ಮನಸ್ಸಿಲ್ಲ ಎಂದು ಗೊತ್ತಾದ ಮೇಲೆ ಸ್ಟ್ರೀಮರ್ ತೋರಿಸಿದ. ಅದು ನೆಟ್‌ನಿಂದ ಹಾಡು ತಂದು ಹಳೆಯ ಡ್ಯಾಕಿಗೆ ಉಣಿಸುತ್ತದಂತೆ.

"ಇದರೊಳಗೂ ಒಂದು ಡ್ಯಾಕ್ ಇದೆ ಸಾರ್, ಫ್ರೀ."

ಫ್ರೀ ಎಂದಾಗಲೇ ಹೆದರಬೇಕಿತ್ತು.

ಕೆಳಮನೆ

ಮೈಲಾಪೂರಿನ ನಮ್ಮ ಕಟ್ಟಡದಲ್ಲಿ ಕೆಳಮನೆಯ ಮಾಮಿ ನಮ್ಮ ವೈಫೈಯನ್ನೇ ಬಳಸುತ್ತಾರೆ. ಒಂದು ಬೆಳಿಗ್ಗೆ ತೋಡಿಯ ಆಲಾಪನೆ ಮೇಲೇರುತ್ತಿದ್ದಾಗ ಥಟ್ಟನೆ ನಿಂತು, ಹಾಗಲಕಾಯಿ ರಸದ ಬಗ್ಗೆ ಡಾಕ್ಟರೊಬ್ಬರ ತಮಿಳು ಉಪನ್ಯಾಸ ಶುರುವಾಯಿತು. ಮಾಮಿ ಫೋನಿನಲ್ಲಿ ಏನನ್ನೋ ಒತ್ತಿ ನಮ್ಮ ಸ್ಟ್ರೀಮರಿಗೆ ಕಳಿಸಿಬಿಟ್ಟಿದ್ದರು. ದನಿ ಹುಡುಕಿಕೊಂಡು ಮೇಲೆ ಬಂದವರು ಕೂತು ಪೂರ್ತಿ ಕೇಳಿದರು.

ಹೊರಡುವಾಗ ಹೇಳಿದರು: ಫೋನಿಗಿಂತ ಈ ಪೆಟ್ಟಿಗೆಯಲ್ಲಿ ಕೇಳಿದರೆ ಡಾಕ್ಟರನ್ನು ಹೆಚ್ಚು ನಂಬಬಹುದು ಅನ್ನಿಸುತ್ತದೆ.

ಪರೀಕ್ಷೆ

ಬ್ಯಾಂಕಿನಿಂದ ನಿವೃತ್ತರಾದ ಮೈಸೂರಿನ ಗೆಳೆಯರೊಬ್ಬರು ಬಂದು ಕೇಳಿ, ಸ್ಟ್ರೀಮರಿನ ಡ್ಯಾಕಿಗಿಂತ ಹಳೆಯದೇ ಇಂಪು ಎಂದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅನ್ನಿಸುವುದನ್ನೆಲ್ಲ ನಂಬಲೆಂದು ನಾನು ಇಷ್ಟೆಲ್ಲ ಓದಿದ್ದಲ್ಲ. ಆಂಪ್ಲಿಫೈಯರಿಗೆ ಎರಡನ್ನೂ ಜೋಡಿಸಿದೆ. ಯಾವುದರ ದೀಪವೂ ಕಾಣದಂತೆ ಎಲ್ಲದರ ಮೇಲೆ ದಪ್ಪ ಜಮಖಾನ ಹೊದಿಸಿ, ಆಂಪ್ಲಿಫೈಯರಿನ ರಿಮೋಟ್ ಒತ್ತಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಬದಲಿಸಿದೆ.

"ಈಗ?"

"ಹಾಗೇ ಇದೆ ಕಣ್ರೀ."

"ಈಗ?"

"ಅದೇ."

ನನಗೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣಲಿಲ್ಲ. ವಿಜ್ಞಾನದ ಮುಂದೆ ಮಮತೆ ಯಾವ ಲೆಕ್ಕ? ಹಳೆಯ ಡ್ಯಾಕನ್ನು ಅವರ ಕೈಗೇ ಕೊಟ್ಟು ಕಳಿಸಿದೆ.

ಆಮೇಲೆ ಯಾಕೋ ಮನೆಯಲ್ಲಿ ಸಂಗೀತ ಸಪ್ಪೆಯಾಯಿತು. ಪರೀಕ್ಷೆ ಎಷ್ಟು ಕಟ್ಟುನಿಟ್ಟಾಗಿತ್ತೆಂದು ಹೆಂಡತಿಗೆ ವಿವರಿಸಿದೆ. ಅವಳು ಕೇಳಿದಳು, "ಅಲ್ಲಾ, ಜಮಖಾನ ಹೊದಿಸಿದ ಮೇಲೆ ರಿಮೋಟ್ ಹೇಗೆ ಕೆಲಸ ಮಾಡ್ತು?"

ಮತ್ತೆ ಹೊದಿಸಿ ಒತ್ತಿ ನೋಡಿದೆ. ಕೆಲಸ ಮಾಡಲಿಲ್ಲ. ಆವತ್ತು ಅಷ್ಟು ಹೊತ್ತು ಸ್ಟ್ರೀಮರನ್ನು ಸ್ಟ್ರೀಮರಿನ ಜೊತೆಗೇ ಹೋಲಿಸಿದ್ದೆವು.

ಗೆಳೆಯರಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ ಡ್ಯಾಕ್ ವಾಪಸ್ ಕೇಳಿದೆ. ಆ ಕಡೆ ಅದು ಹಾಡುತ್ತಿತ್ತು. ಫೋನಿನಲ್ಲೂ ಇಂಪಾಗಿಯೇ ಕೇಳುತ್ತಿತ್ತು.

"ವ್ಯತ್ಯಾಸವೇ ಇಲ್ಲ ಅಂತ ನೀವೇ ಸಾಬೀತು ಮಾಡಿದ್ರಲ್ಲ," ಎಂದರು ಅವರು. "ಮತ್ತೆ ನಿಮಗ್ಯಾಕೆ?"