ಬಂಗಡೆ ವಾಸನೆಯ ಪಿಸ್ತೂಲು

"ಇದು ಪಿಸ್ತೂಲಾ? ಥೂ. ನಮ್ಮನೆ ಕೊಟ್ಟಿಗೆ ಗೂಟ ಇದಕ್ಕಿಂತ ಚಂದ ಅದೆ."

"ನೀ ಹಾಕ್ಕಂಡದ್ದು ಎಂತದಾ? ಇನ್ಸ್‌ಪೆಕ್ಟರ್ ಅಂಗಿಯಾ? ರಿಕ್ಷಾ ಅಂಗಿ. ಅದ್ರ ಪೆಟ್ರೋಲ್ ವಾಸ್ನಿಗೆ ಕಳ್ಳ ಅಲ್ಲೇ ಬಿದ್ದು ಸಾಯ್ತಾ."

"ಖಾಕಿ ಅಂದ್ರೆ ಖಾಕಿ."

"ಹಂಗಾರೆ ನಮ್ಮ ಪೋಸ್ಟ್‌ಮ್ಯಾನೂ ಇನ್ಸ್‌ಪೆಕ್ಟರನಾ?"

ಅಗಸೂರಿನ ಶಾಲೆಯ ಜಗಲಿಯ ಮೇಲೆ, ಭಾನುವಾರ ಬೆಳಿಗ್ಗೆ, ಪಂಪ್‌ಸೆಟ್ ರಿಪೇರಿಯ ಜಟ್ಟಪ್ಪ ನಾಯ್ಕನೂ ರಿಕ್ಷಾದ ಅಶೋಕನೂ ಒಬ್ಬರ ಕೊರಳಪಟ್ಟಿಯನ್ನು ಇನ್ನೊಬ್ಬರು ಹಿಡಿಯುವುದಕ್ಕೆ ಒಂದು ಗೇಣು ಬಾಕಿಯಿತ್ತು. ನಡುವೆ ನಿಂತಿದ್ದವರು ನಾಟಕದ ಮಾಸ್ತರು ಮಧುಕೇಶ್ವರ ಭಟ್ಟರು. ಅವರು ಜಗಳ ಬಿಡಿಸುತ್ತಿರಲಿಲ್ಲ. ಜಟ್ಟಪ್ಪ ಹಲಸಿನ ಮರದಲ್ಲಿ ಕೆತ್ತಿ ತಂದಿದ್ದ ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನೋಡುತ್ತಿದ್ದಂತೆ ಬೆರಳಿನಿಂದ ಎಳೆಯುವ ಅದರ ಕುದುರೆ ಕಳಚಿ ಅವರ ಕಾಫಿ ಲೋಟದೊಳಗೆ ಬಿತ್ತು.

"ನೋಡಾ," ಎಂದ ಅಶೋಕ. "ಗುಂಡು ಹಾರ್ಸೂಕೆ ಹೋದ್ರೆ ಇದೇ ಹಾರ್ತದೆ."

ಈ ನಾಟಕ ಮಂಡಳಿಯಲ್ಲಿ ಒಂದು ಪದ್ಧತಿ ಇದೆ. ಮಂಡಳಿಯ ಬಳಿ ಒಂದು ಪರದೆ, ಎರಡು ಗಡ್ಡ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಆದ್ದರಿಂದ ಯಾರು ವೇಷ, ಸಾಮಾನು ಸ್ವಂತದ್ದು ತರುತ್ತಾರೋ ಪಾತ್ರ ಅವರದ್ದು. ಅಭಿನಯ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಗಾಲಿಕುರ್ಚಿ ಇದ್ದ ಒಂದೇ ಕಾರಣಕ್ಕೆ ಒಬ್ಬಾತ ಸಾಲು ಸಾಲು ನಾಟಕಗಳಲ್ಲಿ ಕುಂಟ ಜಮೀನ್ದಾರನಾಗಿ ಮೆರೆದಿದ್ದ. ಜಟ್ಟಪ್ಪ ಮೊದಲ ವರ್ಷ ಅಪ್ಪನ ಕಾಲದ ಒಂದು ಬೆತ್ತ ಹಿಡಿದುಕೊಂಡು ಹೋದ. ಬೆತ್ತ ಕಂಡ ಮಾಸ್ತರು ಪೇದೆಯ ಪಾತ್ರ ಕೊಟ್ಟರು. ಅಂದಿನಿಂದ ಇಂದಿನವರೆಗೆ ಪ್ರತಿ ನಾಟಕದಲ್ಲಿಯೂ ಪೇದೆ. ಪ್ರತಿ ನಾಟಕದಲ್ಲಿಯೂ ಮಾತು ಒಂದೇ: "ಆಯ್ತು ಸಾಯೇಬ್ರೇ."

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಊರು ಅವನನ್ನು ಪೇದೆ ಜಟ್ಟಪ್ಪ ಎಂದೇ ಕರೆಯತೊಡಗಿತು. ಪಂಪು ಕೆಟ್ಟರೆ "ಪೇದೇನ ಕರೀರಾ" ಎನ್ನುತ್ತಿದ್ದರು. ಮೊನ್ನೆ ಬಂದ ಮದುವೆ ಕರೆಯೋಲೆಯ ಮೇಲೆ ದುಂಡಗಿನ ಅಕ್ಷರದಲ್ಲಿ 'ಶ್ರೀ ಪೇದೆ ಜಟ್ಟಪ್ಪ ನಾಯ್ಕ, ಕುಟುಂಬ ಸಮೇತ' ಎಂದು ಬರೆದಿತ್ತು. ಅಂದೇ ಅವನು ತೀರ್ಮಾನ ಮಾಡಿದ್ದ. ಈ ಸಲ ಇನ್ಸ್‌ಪೆಕ್ಟರ್ ಆಗದಿದ್ದರೆ ಸತ್ತ ಮೇಲೂ ಈ ಹೆಸರು ಹೋಗುವುದಿಲ್ಲ.

ಭಟ್ಟರು ಲೋಟದಿಂದ ಕುದುರೆಯನ್ನು ಬೆರಳಲ್ಲಿ ತೆಗೆದು ತೀರ್ಪು ಕೊಟ್ಟರು. "ಸಂಜೆ ಗ್ರ್ಯಾಂಡ್ ಟ್ರಯಲ್. ಜಟ್ಟಪ್ಪಾ, ನೋಡಿದವ್ರು ಹೆದರೂವಂಥಾ ಪಿಸ್ತೂಲು ತಂದ್ರೆ ಪಾರ್ಟು ನಿಂದು. ಇಲ್ದಿದ್ರೆ ಅಶೋಕಂದು."

"ತತ್ತೆ," ಎಂದ ಜಟ್ಟಪ್ಪ. ಅವನಿಗೆ ಧೈರ್ಯವಿತ್ತು. ಹೆಂಡತಿಯ ತಮ್ಮ ನಾಗೇಶ ಬೈತಖೋಲದ ಬಂದರಿನಲ್ಲಿ ಲೋಡಿಂಗ್ ಕೆಲಸದವನು. ಗೋವಾಕ್ಕೆ ಹೋಗುವ ಲಾರಿಯವರೆಲ್ಲ ಅವನ ದೋಸ್ತರು. ಸಿನಿಮಾ ಶೂಟಿಂಗಿಗೆ ಸಾಮಾನು ಬಾಡಿಗೆ ಕೊಡುವ ಅಂಗಡಿಯೊಂದರಿಂದ ನಕಲಿ ಪಿಸ್ತೂಲು ತರಿಸಿ ಇಂದಿನ ಮೀನಿನ ಟೆಂಪೋದಲ್ಲಿ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದ.

ಜಟ್ಟಪ್ಪ ಮನೆ ಮುಟ್ಟಿದಾಗ ಹಿತ್ತಿಲಲ್ಲಿ ಹೆಂಡತಿ ಹೀರಾ ಥರ್ಮಾಕೋಲ್ ಪೆಟ್ಟಿಗೆಯ ಮುಂದೆ ಕೂತು ಕತ್ತಿ ಹಿಡಿದು ಯೋಚಿಸುತ್ತಿದ್ದಳು.

"ಹೋಯ್, ಇಲ್ಲಿ ಬನ್ನಿ. ಮೇಲೆ ಬಂಗಡೆ ಅದೆ, ಕೆಳಗೆ ಎಂತ ಮೀನ್ ಇದು? ತಲೆನೂ ಇಲ್ಲ, ಬಾಲವೂ ಇಲ್ಲ. ಕತ್ತಿನೇ ಹಿಡೀತಿಲ್ಲ."

ಜಟ್ಟಪ್ಪ ಅವಳ ಕೈಯಿಂದ ಅದನ್ನು ಕಸಿದುಕೊಂಡ. ಮಂಜುಗಡ್ಡೆಯಷ್ಟು ತಣ್ಣಗಿನ, ಬೂದಿ ಬಣ್ಣದ ಗಟ್ಟಿ ಪ್ಲಾಸ್ಟಿಕ್. ಹಿಡಿಕೆ ಇತ್ತು. ನಳಿಗೆ ಇರಲಿಲ್ಲ. ಕುದುರೆ ಇರಬೇಕಾದಲ್ಲಿ ಬರೀ ಖಾಲಿ. ತೂತುಗಳು ಅರ್ಧಂಬರ್ಧ, ಅಂಚುಗಳು ಅಚ್ಚಿನಿಂದ ಇಳಿಸಿದ ಹಾಗೆಯೇ ಒರಟು. ಬಸಿರಿನಲ್ಲಿ ಏಳನೇ ತಿಂಗಳಿಗೇ ಹೊರಗೆ ಬಂದ ಪಿಸ್ತೂಲಿನಂತಿತ್ತು. ಫೋನು ಹಚ್ಚಿದ.

"ನಾಗೇಶಾ, ಉಳಿದರ್ಧ ಎಲ್ಲದಾ?"

"ಅಷ್ಟೇ ಭಾವಾ. ಪೂರ್ತಿ ಆದದ್ದಕ್ಕೆ ರೇಟ್ ಜಾಸ್ತಿ. ಅರ್ಧಕ್ಕೆ ಬಿಟ್ಟ ಚೌಕಟ್ಟು ಒಂದು ಮೂಲೇಲಿ ಬಿದ್ದಿತ್ತು, ಸಸ್ತಾ ಸಿಕ್ತು. ನೀವು ಕೈಕೆಲ್ಸ ಗೊತ್ತಿದ್ದವ್ರಲ್ಲಾ, ಉಜ್ಜಿ ಗಿಜ್ಜಿ ಮಾಡ್ಕಣಿ."

"ಮೀನಿನ ಪೆಟ್ಟಿಗೇಲಿ ಯಾಕೆ ಹಾಕ್ದೆ?"

"ಒಡೀಬಾರ್ದಲ್ಲಾ."

ಬೈತಖೋಲದಲ್ಲಿ ಪ್ಯಾಕಿಂಗ್ ಎಂದರೆ ಅದೊಂದೇ. ಅಕ್ಕನಿಗೆ ಹಬ್ಬಕ್ಕೆ ಗಾಜಿನ ಬಳೆಯನ್ನೂ ಅವನು ಐಸಿನಲ್ಲಿಟ್ಟು, ಮೇಲೆ ಎರಡು ಸೀಗಡಿ ಉದುರಿಸಿ ಕಳಿಸಿದ್ದ. ಒಂದೂ ಒಡೆದಿರಲಿಲ್ಲ. ಆದರೆ ದೀಪಾವಳಿ ಕಳೆಯುವತನಕ ಅವಳು ಕೈಯೆತ್ತಿದಲ್ಲೆಲ್ಲ ಜನ ಮೂಗು ಮುಚ್ಚಿದ್ದರು.

ಜಟ್ಟಪ್ಪ ಕೆಲಸಕ್ಕೆ ಕೂತ. ಅರದಿಂದ ಅಂಚು ಉಜ್ಜಿದ. ಹಳೆಯ ಕೊಡೆಯ ಕೊಳವೆ ಕೊಯ್ದು ನಳಿಗೆಯ ಜಾಗಕ್ಕೆ ಅಂಟಿಸಿದ. ಬೈಕಿನ ಮುರಿದ ಕ್ಲಚ್ಚಿನ ತುಂಡು ಕುದುರೆಯಾಯಿತು. ಒಳಗೆ ಎಂತದೂ ಇಲ್ಲ, ಹೊರಗೆ ಮಾತ್ರ ಗತ್ತು. ಮೇಲೆ ಎಂಜಿನಿಗೆ ಬಳಿಯುವ ಕಪ್ಪು ಬಣ್ಣ. ಊಟದ ಹೊತ್ತಿಗೆ ಅದನ್ನು ಹಿತ್ತಿಲ ಕಲ್ಲಿನ ಮೇಲೆ ಒಣಗಲು ಇಟ್ಟು ದೂರ ನಿಂತು ನೋಡಿದ. ಅವನಿಗೇ ಹೆದರಿಕೆಯಾಯಿತು. ಸಂತೋಷದಿಂದ ಎರಡು ಬಂಗಡೆ ಹೆಚ್ಚಿಗೆ ಉಂಡ.

ಸೋಪಿನಲ್ಲಿ ತೊಳೆದಿದ್ದ, ಸೀಮೆಎಣ್ಣೆಯಲ್ಲಿ ಒರೆಸಿದ್ದ, ಆದರೂ ಬಂಗಡೆಯ ವಾಸನೆ ಬಂಗಡೆಯದೇ. ಮನುಷ್ಯರ ಮೂಗಿಗೆ ಅದು ಮಾಸಿತು ಅನ್ನಿಸಿದರೂ ಬೆಕ್ಕಿನ ಮೂಗಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಅವನು ಕೈ ತೊಳೆದು ಬರುವಷ್ಟರಲ್ಲಿ ಕಲ್ಲು ಖಾಲಿ. ಪಕ್ಕದ ಮನೆಯ ಗಂಗಕ್ಕನ ಬೆಕ್ಕು ಪಿಸ್ತೂಲಿನ ನಳಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಬೇಲಿ ದಾಟಿ, ಮೀಸೆಗೆಲ್ಲ ಕಪ್ಪು ಬಣ್ಣ ಮೆತ್ತಿಕೊಂಡು ಠೀವಿಯಿಂದ ಹೋಗುತ್ತಿತ್ತು.

ಗಂಗಕ್ಕ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದಳು. ಬೆಕ್ಕು ಬಂದು ಅವಳ ಕಾಲ ಬುಡದಲ್ಲಿ ಪಿಸ್ತೂಲು ಇಟ್ಟು, ಅವಳ ಮುಖ ನೋಡಿ, ಮಿಯಾಂ ಎಂದಿತು.

"ಅಯ್ಯಯ್ಯೋ, ನನ್ ಬೆಕ್ಕು ಪಿಸ್ತೂಲ್ ಹಿಡ್ಕಬಂತಲ್ರಾ."

ಆ ಹೊತ್ತಿಗೆ ರಸ್ತೆಯಲ್ಲಿ ಅಶೋಕನ ರಿಕ್ಷಾ ಹೋಗುತ್ತಿತ್ತು. ನಿಂತಿತು. ಅಶೋಕ ಇಣುಕಿದ. ಪಿಸ್ತೂಲು ಕಂಡ. ತನ್ನ ಪಾತ್ರ ಹೋಯಿತು ಎಂದು ಅವನಿಗೆ ಆ ಕ್ಷಣ ಗೊತ್ತಾಯಿತು.

"ಯಾರದು ಗಂಗಕ್ಕಾ?"

"ನಮ್ ಜಟ್ಟಪ್ಪನ ಹಿತ್ಲಿಂದ ತಂತು. ಬೈತಖೋಲದಿಂದ ಮೀನಿನ ಪೆಟ್ಟಿಗೆ ಬಂದಾಗಿಂದ ಅಂವ ಎಂತದೋ ಉಜ್ಜೂದು, ಕುಟ್ಟೂದು. ನಾ ಪಂಪ್ ಅಂದ್ಕಂಡಿದ್ದೆ."

ಅಶೋಕ ರಿಕ್ಷಾ ಹೊರಡಿಸಿದ. ಅದರಲ್ಲಿ ಪ್ರಯಾಣಿಕರಿದ್ದರು, ಅಶೋಕನಿಗೆ ಬಾಯಿಯೂ ಇತ್ತು. ಬಸ್ ಸ್ಟಾಪಿನಲ್ಲಿ ಒಂದು ಪಿಸ್ತೂಲಿತ್ತು. ಸೊಸೈಟಿಯ ಮುಂದೆ ಅದು ನಾಲ್ಕಾಯಿತು. ಹೆದ್ದಾರಿಯ ಚಾದ ಅಂಗಡಿ ತಲುಪುವಾಗ ಜಟ್ಟಪ್ಪ ಮನೆಯಲ್ಲಿ ಪಿಸ್ತೂಲಿನ ಕಾರ್ಖಾನೆ ಇಟ್ಟಿದ್ದ. ಅರ್ಧ ತಯಾರಾದ ಮಾಲು ಬೈತಖೋಲದಿಂದ ಮೀನಿನ ಪೆಟ್ಟಿಗೆಯಲ್ಲಿ ಇಳಿಯುತ್ತಿತ್ತು, ಮನೆಯಲ್ಲಿ ಉಜ್ಜಿ ಪೂರ್ತಿ ಮಾಡಿ ಬೆಕ್ಕಿನ ಬಾಯಲ್ಲಿ ಸಾಗಿಸುತ್ತಿದ್ದ. ಕೇಡಿನ ಸಂಗತಿ ಏನೆಂದರೆ ಇದರಲ್ಲಿ ಮುಕ್ಕಾಲು ಪಾಲು ನಿಜವಿತ್ತು.

ಅತ್ತ ಜಟ್ಟಪ್ಪ ಗಂಗಕ್ಕನ ಅಂಗಳಕ್ಕೆ ಓಡಿ ಬಂದ. ಬೆಕ್ಕು ಮತ್ತೆ ಪಿಸ್ತೂಲು ಕಚ್ಚಿ ಕೊಟ್ಟಿಗೆಯ ಹಂಚಿನ ಮೇಲೆ ಹತ್ತಿತು.

"ಏಣಿ ಕೊಡೇ ಗಂಗಕ್ಕಾ."

"ನಾ ಕೊಡೂದಿಲ್ಲ. ನಾಳಿಗೆ ಪೋಲೀಸ್ರು ಏಣಿ ಯಾರದ್ದು ಅಂತ ಕೇಳಿದ್ರೆ?"

"ಅದು ನಾಟಕದ್ದೇ, ಮಾರಾಯ್ತಿ. ಪ್ಲಾಸ್ಟಿಕ್ಕು."

"ಎಲ್ಲಾ ಕಳ್ರೂ ಹಂಗೇ ಹೇಳೂದು."

"ಎಷ್ಟ್ ಕಳ್ರು ನಿನ್ ಹತ್ರ ಬಂದು ಹೇಳಿದ್ರೇ?"

ಕೊನೆಗೆ ಜಟ್ಟಪ್ಪ ಹಲಸಿನ ಮರದ ಮೇಲಿಂದ ಕೊಟ್ಟಿಗೆಯ ಹಂಚಿನ ಮಾಡಿಗೆ ಇಳಿದ. ನಾಲ್ಕು ಹಂಚು ಒಡೆದವು. ಗಂಗಕ್ಕ ಕೆಳಗೆ ನಿಂತು ಒಂದೊಂದಕ್ಕೂ ಬೇರೆ ಬೇರೆ ಬೈದಳು. ಬೆಕ್ಕಿನ ಬಾಯಿಂದ ಪಿಸ್ತೂಲು ಬಿಡಿಸಿಕೊಂಡು, ಪರಚಿಸಿಕೊಂಡು, ಮಾಡಿನ ತುದಿಯಲ್ಲಿ ನೆಟ್ಟಗೆ ನಿಂತಾಗ, ಚಾದ ಅಂಗಡಿಯ ಸುದ್ದಿ ಕೇಳಿದ ಪೋಲೀಸ್ ಜೀಪು ಕೆಳಗೆ ಬಂದು ನಿಂತಿತು. ಅದರ ಹಿಂದೆ ಅರ್ಧ ಊರು.

ಜೀಪಿನಿಂದ ಇಳಿದವರು ಹೊಸದಾಗಿ ಬಂದಿದ್ದ ಪಿಎಸ್‌ಐ ಚೈತ್ರಾ ಮೇಡಂ. ವಯಸ್ಸು ಚಿಕ್ಕದು, ದನಿ ದೊಡ್ಡದು.

"ಕೈ ಮೇಲೆ."

ಜಟ್ಟಪ್ಪ ಕೈ ಮೇಲೆತ್ತಿದ. ಕೈಯಲ್ಲಿ ಪಿಸ್ತೂಲಿತ್ತು. ಅರ್ಧ ಊರು ಒಟ್ಟಿಗೆ ಗದ್ದೆಗೆ ಹಾರಿತು.

"ಅದನ್ನ ಕೆಳಗೆ ಹಾಕು."

ಹಾಕಿದ. ಐದನೆಯ ಹಂಚೂ ಒಡೆಯಿತು.

ಪೇದೆಯೊಬ್ಬ, ನಿಜವಾದ ಪೇದೆ, ಕರವಸ್ತ್ರದಲ್ಲಿ ಅದನ್ನು ಎತ್ತಿ ಮೇಡಂ ಕೈಗೆ ಕೊಟ್ಟ. ಅವರು ತಿರುಗಿಸಿ ನೋಡಿದರು, ಒಳಗೆ ನೋಡಿದರು, ಕ್ಲಚ್ಚಿನ ತುಂಡನ್ನು ಅಲ್ಲಾಡಿಸಿದರು. ಆಮೇಲೆ ಮೂಸಿದರು.

"ಇದೇನು ಮೀನಿನ ವಾಸನೆ?"

"ಬಂಗಡೆದು, ಸಾಯೇಬ್ರೇ," ಎಂದ ಜಟ್ಟಪ್ಪ, ಮಾಡಿನ ಮೇಲಿಂದ.

ಇಳಿದ ಮೇಲೆ ಎಲ್ಲವನ್ನೂ ಹೇಳಿದ. ಹೀರಾ ಪೆಟ್ಟಿಗೆ ತಂದು ತೋರಿಸಿದಳು. ಮೇಡಂ ಕೇಳಿಸಿಕೊಂಡರು. "ಮನೆಯಲ್ಲಿ ಕೂತು ಪಿಸ್ತೂಲು ಮಾಡೋದು ಎಂಥಾ ಅಪರಾಧ ಅಂತ ಗೊತ್ತಿದೆಯಾ? ಈ ಚೌಕಟ್ಟು ನಿಜದ್ದಾಗಿದ್ದರೆ ನೀನು ಇವತ್ತು ರಾತ್ರಿ ಊಟ ನಮ್ಮಲ್ಲಿ ಮಾಡ್ತಿದ್ದೆ. ನಾಟಕ ಅಂತೀಯ. ಎಲ್ಲಿ ನಾಟಕ? ನಡಿ, ತೋರ್ಸು."

ಜೀಪಿನಲ್ಲಿ ಜಟ್ಟಪ್ಪ, ಹಿಂದೆ ಅಶೋಕನ ರಿಕ್ಷಾ, ಅದರ ಹಿಂದೆ ಗದ್ದೆಯಿಂದ ಎದ್ದು ಬಂದ ಅರ್ಧ ಊರು. ಶಾಲೆಯ ಜಗಲಿಯಲ್ಲಿ ಟ್ರಯಲ್ಲಿಗೆ ಕುರ್ಚಿ ಹಾಕುತ್ತಿದ್ದ ಭಟ್ಟರು ಇಷ್ಟು ಪ್ರೇಕ್ಷಕರನ್ನು ಟ್ರಯಲ್ಲಿಗೆ ಹಿಂದೆಂದೂ ಕಂಡಿರಲಿಲ್ಲ.

"ಹೌದು ಮೇಡಂ, ನಮ್ಮ ಇನ್ಸ್‌ಪೆಕ್ಟರ್ ಪಾರ್ಟಿಗೇ ಅದು," ಎಂದರು ಅವರು ಪಿಸ್ತೂಲನ್ನು ಕಂಡು ಕಣ್ಣರಳಿಸಿ. "ಭೇಷ್ ಜಟ್ಟಪ್ಪಾ. ಪಾರ್ಟು ನಿಂದೇ."

ಅಶೋಕ ರಿಕ್ಷಾದ ಹ್ಯಾಂಡಲ್ಲಿಗೆ ತಲೆ ಇಟ್ಟ. ಜಟ್ಟಪ್ಪನಿಗೆ ಪರಚಿದ ಗಾಯ, ಹಂಚಿನ ಲೆಕ್ಕ ಎಲ್ಲ ಮರೆತೇಹೋಯಿತು.

"ಪಾರ್ಟು ಇವನದೇ ಆದರೆ ಮಾತು ಬರಬೇಕಲ್ಲ," ಎಂದರು ಮೇಡಂ. "ಹೇಳಿಸಿ ನೋಡೋಣ."

ಮೇಡಂ ಕೊಟ್ಟ ಪಿಸ್ತೂಲು ಹಿಡಿದು ಜಟ್ಟಪ್ಪ ನಡುವೆ ಬಂದ. ಮಾತು ಅವನಿಗೆ ಕಂಠಪಾಠ. ಪಂಪು ಬಿಚ್ಚುವಾಗ, ಮೀಯುವಾಗ, ನಿದ್ದೆಯಲ್ಲಿ ಕೂಡ ಹೇಳಿದ್ದ: 'ಕಾನೂನಿನ ಕೈಯಿಂದ ಎಲ್ಲಿಗೆ ಓಡುತ್ತೀಯ, ಪಾಪಿ?' ಎದೆ ಉಬ್ಬಿಸಿದ. ಬಾಯಿ ತೆರೆದ. ಎದುರಿಗೆ ಖಾಕಿ, ಟೊಪ್ಪಿ, ಎರಡು ನಕ್ಷತ್ರ ಕಂಡವು. ಅವನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು, ಪಿಸ್ತೂಲಿದ್ದ ಕೈ ಹಣೆಗೆ ಹೋಯಿತು.

"ಆಯ್ತು ಸಾಯೇಬ್ರೇ," ಎಂದ.

ಗದ್ದೆಯ ಕೆಸರು ಮೆತ್ತಿದ್ದ ಅರ್ಧ ಊರು ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. "ಇನ್ಸ್‌ಪೆಕ್ಟರ್ ಹಿಂಗೆ ಹೇಳ್ತಾರೇನ್ರೀ?" ಎಂದು ಭಟ್ಟರ ಕೈಯ ಮಾತಿನ ಹಾಳೆ ತೆಗೆದುಕೊಂಡರು. ಒಮ್ಮೆ ಓದಿದರು. ತಲೆ ಎತ್ತಿದರು. ಆ ಮಾತು ಅವರ ಬಾಯಿಂದ ಹೊರಟಾಗ ಶಾಲೆಯ ಹಂಚು ನಡುಗಿತು. ಅಶೋಕ ರಿಕ್ಷಾದೊಳಗೇ ಎರಡೂ ಕೈ ಎತ್ತಿ ಕೂತ. ಗಂಗಕ್ಕ, "ನಾ ಏಣಿ ಕೊಡ್ಲಿಲ್ಲ, ಸಾಯೇಬ್ರೇ," ಎಂದು ಸತ್ಯಪ್ರಮಾಣ ಮಾಡಿದಳು.

ಭಟ್ಟರ ಕಣ್ಣಲ್ಲಿ ನೀರು ಬಂದಿತ್ತು. "ಮೇಡಂ, ಮೊದಲೆಲ್ಲಾದ್ರೂ ನಾಟಕ..."

"ಕಾಲೇಜಿನಲ್ಲಿ ಮಾಡ್ತಿದ್ದೆ." ಅವರ ದನಿ ಮೊದಲ ಸಲ ಇಳಿಯಿತು. "ಈ ಕೆಲಸಕ್ಕೆ ಸೇರಿದ ಮೇಲೆ ಉದ್ಘಾಟನೆಗೆ ಕರೀತಾರೆ. ಪಾರ್ಟು ಮಾಡೋಕೆ ಯಾರೂ ಕರೆಯೋಲ್ಲ."

ಭಟ್ಟರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಖಾಕಿ ಸ್ವಂತದ್ದು. ಟೊಪ್ಪಿ ಸ್ವಂತದ್ದು. ಬೂಟು ಸ್ವಂತದ್ದು. ಸೊಂಟದಲ್ಲಿ ಚರ್ಮದ ಚೀಲದೊಳಗೆ ಅದೂ ಇತ್ತು, ಬಂಗಡೆಯ ವಾಸನೆ ಇಲ್ಲದ್ದು. ಮಂಡಳಿಯ ಪದ್ಧತಿ ಎಂದರೆ ಪದ್ಧತಿ. "ಇನ್ಸ್‌ಪೆಕ್ಟರ್ ಪಾರ್ಟು ನಿಮ್ಮದೇ, ಮೇಡಂ," ಎಂದರು.

"ಮೇಲಿನವರನ್ನ ಕೇಳಬೇಕು," ಎಂದರು ಮೇಡಂ. ಆದರೆ ಮಾತಿನ ಹಾಳೆಯನ್ನು ಮಡಚಿ ಕಿಸೆಗೆ ಇಟ್ಟುಕೊಂಡಾಗಿತ್ತು. "ನನ್ನದು ಚೀಲದಿಂದ ಹೊರಗೆ ಬರೋದಿಲ್ಲ, ಅದೊಂದು ನೆನಪಿರಲಿ."

"ಬೇಡ ಮೇಡಂ, ಅದಿದೆ ಅಂತ ಗೊತ್ತಿದ್ರೆ ಸಾಕು." ಭಟ್ಟರು ತಿರುಗಿದರು. "ಅಶೋಕಾ, ನಿನ್ ಅಂಗಿ ಪೇದೆಗೆ ಸರಿಯಾಯ್ತು."

"ನಾನು?" ಎಂದ ಜಟ್ಟಪ್ಪ.

"ನಿನ್ ಹತ್ರ ಪಿಸ್ತೂಲದೆ. ಪೋಲೀಸ್ರನ್ನ ಬಿಟ್ರೆ ಪಿಸ್ತೂಲ್ ಇರೂದು ಮತ್ಯಾರ ಹತ್ರ? ಕಳ್ಳನ ಪಾರ್ಟು ಖಾಲಿ ಅದೆ. ಮಾಡಿನ ಮೇಲೆ ನೀ ಕೈ ಎತ್ತಿದ್ದು ಬಾಳ ಚಂದ ಇತ್ತಂತೆ, ಎಲ್ಲಾ ಹೇಳ್ತಿದ್ರು."

ಹಿಂದಿನ ಸಾಲಿನಿಂದ ಯಾರೋ, "ಕಳ್ಳ ಜಟ್ಟಪ್ಪಾ," ಎಂದು ಕೂಗಿ ನೋಡಿದರು. ಹೆಸರು ಬಾಯಿಗೆ ಸಲೀಸಾಗಿ ಬಂತು. ಇನ್ನಿಬ್ಬರು ಕೂಗಿದರು. ಹೀರಾಳಿಗೂ ನಗು ತಡೆಯಲಾಗಲಿಲ್ಲ.

ಜಟ್ಟಪ್ಪ ಮುಂದಿನ ಮದುವೆ ಕರೆಯೋಲೆಯನ್ನು ಕಣ್ಣ ಮುಂದೆ ಕಂಡ. ಪಿಸ್ತೂಲನ್ನು ಮೇಜಿನ ಮೇಲೆ ಇಟ್ಟ.

"ನೀರ್ ಕುಡ್ಕ ಬತ್ತೆ," ಎಂದು ಹೇಳಿ ಜಗಲಿ ಇಳಿದ. ಬಾವಿಯ ಕಡೆ ಹೋದವನು ಬಾವಿ ದಾಟಿ, ಶಾಲೆಯ ಗೇಟು ದಾಟಿ, ಹೆದ್ದಾರಿಯ ಕಡೆ ನಡೆದ. ಎಲ್ಲರೂ ಕತ್ತು ಉದ್ದ ಮಾಡಿ ನೋಡಿದರು. ಅವನು ಒಂದು ಸಲವೂ ಹಿಂದೆ ನೋಡಲಿಲ್ಲ.

"ಇದೇ," ಎಂದರು ಭಟ್ಟರು ತೊಡೆ ತಟ್ಟಿಕೊಂಡು. "ಮೂರನೇ ಅಂಕ, ಕಳ್ಳ ತಪ್ಪಿಸ್ಕಂಡು ಹೋಗೂ ಸೀನು. ನಾಟಕದ ದಿನಾನೂ ಹಿಂಗೇ ಹೋಗು ಅನ್ನಿ, ಅಂವ ಬಂದ ಮೇಲೆ."

ಪೆಟ್ರೋಮ್ಯಾಕ್ಸಿನ ಕಾಲದಿಂದ ನಾಟಕ ಆಡಿಸಿದ ಮಾಸ್ತರು ಅವನಿಗಾಗಿ ಮೂರನೇ ಅಂಕವನ್ನು ಕೊನೆಗೆ ಇಟ್ಟು, ಉಳಿದದ್ದನ್ನೆಲ್ಲ ಮುಗಿಸಿ, ಕುರ್ಚಿಗಳನ್ನು ಒಳಗೆ ಇಡಿಸಿದರು. ಗಂಗಕ್ಕನ ಬೆಕ್ಕು ಬಂದು ಪಿಸ್ತೂಲನ್ನು ತೆಗೆದುಕೊಂಡು ಹೋಯಿತು. ಜಟ್ಟಪ್ಪ ಬರಲಿಲ್ಲ.