ಮೂರು ಮೊಲ, ಒಂದೇ ತೂಕ

ಪ್ರದರ್ಶನದ ದಿನ ಬೆಳಿಗ್ಗೆ ಮೂರು ಮೊಲಗಳಲ್ಲಿ ಒಂದು ಒಂದು ಹಿಡಿಯಷ್ಟು ಕಡಿಮೆ ತೂಗಿತು. ತೂಕದ ಯಂತ್ರದ ಅಡಿಯಲ್ಲಿ ಕಲ್ಲೇನಾದರೂ ಸಿಕ್ಕಿದೆಯೇ ಎಂದು ಗುಮಾಸ್ತ ಬಗ್ಗಿ ನೋಡಿದ. ಇರಲಿಲ್ಲ. ಮೊಲವನ್ನು ಕೂರಿಸಿ ತೂಗುವ ಬಕೆಟ್ಟನ್ನು ಬರಿದು ಮಾಡಿ ತೂಗಿದ. ಅದು ಎಂದಿನಷ್ಟೇ ಇತ್ತು. ಕಡಿಮೆಯಾದದ್ದು ಮೊಲವೇ.

ಅವನು ಧಾನ್ಯದ ಗೋದಾಮಿನಲ್ಲಿ ಮೂಟೆ ತೂಗುವ ಗುಮಾಸ್ತ. ಮೊಲಗಳು ಅವನವಲ್ಲ, ಮ್ಯಾನೇಜರರವು. ಮಾಂಸದ ತಳಿಯ ಮೊಲ ಸಾಕಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆಯಬೇಕೆಂಬುದು ಮ್ಯಾನೇಜರರ ಬಹುದಿನದ ಆಸೆ. ಮನೆಯೊಳಗೆ ಅವುಗಳ ಒಂದು ಕೂದಲೂ ಬರಕೂಡದೆಂಬುದು ಅವರ ಹೆಂಡತಿಯ ಅಪ್ಪಣೆ. ಹೀಗಾಗಿ ಪಂಜರಗಳು ಗೋದಾಮಿನ ಹಿತ್ತಿಲಿಗೆ ಬಂದವು. ದಿನವೆಲ್ಲ ತೂಗುವವನು ಇದನ್ನೂ ಒಂದಿಷ್ಟು ತೂಗಲಿ ಎಂದು ಅವು ಗುಮಾಸ್ತನ ತಲೆಗೆ ಬಿದ್ದವು.

ಅವನು ತುಟಿಪಿಟಕ್ಕೆನ್ನದೆ ಒಪ್ಪಿದ್ದಕ್ಕೆ ಕಾರಣವಿತ್ತು. ಅವನ ಹೆಂಡತಿ ಹೆಡ್ ಆಫೀಸಿನ ಊರಿನಲ್ಲಿ ನರ್ಸು. ಮದುವೆಯಾದಾಗಿನಿಂದ ಅವಳು ಅಲ್ಲಿ, ಇವನು ಇಲ್ಲಿ. ಮಗಳು ಮಾತು ಕಲಿತಾಗ, ತಿಂಗಳಿಗೊಮ್ಮೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುವ ಈ ಮನುಷ್ಯನನ್ನು ‘ಮಾಮ’ ಎಂದು ಕರೆದಿದ್ದಳು. ಅವನು ಅಲ್ಲಿ ಎಲ್ಲರೊಂದಿಗೆ ನಕ್ಕು, ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿದ್ದ. ಈಗ ಹೆಡ್ ಆಫೀಸಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಒಂದೇ ಒಂದು. ವರ್ಗಾವಣೆಯ ಮಾತೆತ್ತಿದಾಗಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ ಮ್ಯಾನೇಜರರು ಈ ಸಲ ಬಿಡಿಸಿ ಹೇಳಿದ್ದರು: “ಮೊದಲ್ನೇ ಬಹುಮಾನ ಬರ್ಲಿ. ಮಾರನೇ ದಿನವೇ ನಿಮ್ಮನ್ನ ಆ ಜಾಗಕ್ಕೆ ಕಳಿಸ್ತೀನಿ.”

ಪ್ರದರ್ಶನದ ನಿಯಮ ಕಟ್ಟುನಿಟ್ಟು. ಒಂದೇ ಸೂಲಿನ ಮೂರು ಮರಿಗಳಿರಬೇಕು. ಮೂರೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರಬೇಕು. ಎರಡೂವರೆ ಕಿಲೋ ಮೀರಬಾರದು. ಒಂದು ಮೀರಿದರೆ ಮೂರೂ ಹೊರಗೆ. ಅದಕ್ಕಾಗಿ ಗುಮಾಸ್ತ ದಿನಾ ಬೆಳಿಗ್ಗೆ ಮೇವು ಹಾಕುವ ಮೊದಲು ಮರಿಗಳನ್ನು ತೂಗುತ್ತಿದ್ದ. ಬೆನ್ನಿನ ಮೇಲೆ ಬೆರಳಾಡಿಸಿ, ಮೂಳೆ ಚುಚ್ಚಿದ್ದಕ್ಕೆ ಮೇವು ಹೆಚ್ಚಿಸುತ್ತಿದ್ದ, ಓಡೋಡಿ ಬೆಳೆದದ್ದಕ್ಕೆ ಇಳಿಸುತ್ತಿದ್ದ. ಮೂರು ಮೊಲಗಳ ತೂಕ ಅವನಿಗೆ ನಾಲಿಗೆಯ ತುದಿಯಲ್ಲಿತ್ತು. ಮಗಳ ತೂಕ ಎಷ್ಟೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅಂದು ಅವನು ಎದೆಗುಂದಲಿಲ್ಲ. ಕಡಿಮೆ ತೂಗಿದ ಮೊಲಕ್ಕೆ ಲೆಕ್ಕ ಹಾಕಿ ಮೇವು, ನೀರು ಇಟ್ಟ. ಮೂರೂ ಬೆಳ್ಳಗೆ ಒಂದೇ ತೆರನಾಗಿದ್ದುದರಿಂದ ಗುರುತಿಗೆಂದು ಅದರ ಪಂಜರದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದ. ಅಷ್ಟರಲ್ಲಿ ಲಾರಿ ಬಂತು. ಮೂಟೆ ತೂಗಿಸಲು ಹೋದ.

ಆ ಗೋದಾಮಿನಲ್ಲಿ ಒಂದು ರೂಢಿಯಿತ್ತು. ತೂಕದಲ್ಲಿ ಕಡಿಮೆ ಬಂದ ಮೂಟೆಗೆ ಸೀಮೆಸುಣ್ಣದ ಗೀಟು ಬೀಳುತ್ತಿತ್ತು. ಗೀಟು ಬಿದ್ದ ಮೂಟೆಯ ಪಕ್ಕ ಹಾದವರು ಒಂದು ಹಿಡಿ ಹಾಕಿ ಮುಂದೆ ಹೋಗಬೇಕು. ಯಾರೂ ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಅಂದು ಬೆಳಿಗ್ಗೆ ಹಿತ್ತಿಲಿನಲ್ಲಿ ಹಾದ ಕಾವಲುಗಾರ ಪಂಜರದ ಗೀಟು ಕಂಡು ಒಂದು ಹಿಡಿ ಮೇವು ಹಾಕಿದ. ಕ್ಯಾಷಿಯರ್ ತಮ್ಮ ಊಟದ ಡಬ್ಬಿಯ ಕ್ಯಾರೆಟ್ಟನ್ನೆಲ್ಲ ಕೊಟ್ಟು ನೀರನ್ನೂ ತುಂಬಿಸಿದರು. ಹಮಾಲಿಗಳು ಸಾಲುಗಟ್ಟಿ ಬಂದು, ಒಬ್ಬರೂ ತಪ್ಪದೆ, ತಂತಮ್ಮ ಹಿಡಿ ಹಾಕಿ ಹೋದರು. ಮೊಲ ಯಾರ ಮನಸ್ಸನ್ನೂ ನೋಯಿಸಲಿಲ್ಲ.

ಪ್ರದರ್ಶನದ ಮೈದಾನದಲ್ಲಿ ತೂಕದವನು ಎರಡು ಮೊಲಗಳನ್ನು ತೂಗಿ ತಲೆಯಾಡಿಸಿದ. ಮೂರನೆಯದನ್ನು ಇಟ್ಟವನು ಮುಳ್ಳನ್ನೇ ನೋಡುತ್ತ ನಿಂತ. ಎರಡೂವರೆ ದಾಟಿತ್ತು. ತೂಕ ಮುಗಿಯಿತೆಂದು ಸೀಟಿ ಊದುವವರೆಗೆ ಸಮಯವಿದೆ, ಬೇಕಾದರೆ ಮತ್ತೆ ತನ್ನಿ ಎಂದ.

ಮ್ಯಾನೇಜರರ ಮುಖ ಕಪ್ಪಿಟ್ಟಿತು. ಜೊತೆಗೆ ಬಂದಿದ್ದ ಕ್ಯಾಷಿಯರ್, ಕಾವಲುಗಾರ ಇಬ್ಬರೂ ನೆಲ ನೋಡುತ್ತ, ಒಂದೇ ಒಂದು ಹಿಡಿ ಹಾಕಿದ್ದೆವೆಂದು ಒಪ್ಪಿಕೊಂಡರು. ಇನ್ನು ಮಾಡುವುದೇನು? ಒಳಗೆ ಹೋಗಿದ್ದು ಹೊರಗೆ ಬರಬೇಕು, ಅಷ್ಟೇ. ನಾಲ್ವರೂ ಮರದ ನೆರಳಿನಲ್ಲಿ ಮೊಲವನ್ನು ನಡುವೆ ಕೂರಿಸಿಕೊಂಡು, ಆಪರೇಷನ್ ಕೋಣೆಯ ಹೊರಗೆ ಕೂತ ನೆಂಟರ ಹಾಗೆ ಕೂತರು. ಮೊಲ ನಾಲ್ಕು ಹಿಕ್ಕೆ ಹಾಕಿತು. ಕ್ಯಾಷಿಯರ್ ಅದನ್ನು ಎಣಿಸಿ, ಸಾಲದು ಎಂದರು. ಹೊಟ್ಟೆ ನೀವಬೇಕೆಂದು ಕಾವಲುಗಾರ ಹೇಳಿದ. ಯಾರ ಕೈಯ ಮೇಲೂ ನಂಬಿಕೆಯಿಲ್ಲದ ಮ್ಯಾನೇಜರರು ಮೊಲವನ್ನು ತಾವೇ ತೊಡೆಯ ಮೇಲೆ ಎತ್ತಿಕೊಂಡರು.

ಆಮೇಲೆ ಮ್ಯಾನೇಜರರ ಇಸ್ತ್ರಿ ಹಾಕಿದ ಪ್ಯಾಂಟು ತೊಡೆಯಿಂದ ಮಂಡಿಯವರೆಗೆ ನಿಧಾನವಾಗಿ ಬಣ್ಣ ಬದಲಿಸಿತು.

“ಅಲ್ಲಾಡ್ಬೇಡಿ ಸರ್,” ಎಂದ ಗುಮಾಸ್ತ. “ಪೂರ್ತಿ ಆಗ್ಲಿ.”

ಮ್ಯಾನೇಜರರು ಅಲ್ಲಾಡಲಿಲ್ಲ. ಸೀಟಿ ಊದುವ ಮೊದಲು ಮೊಲ ಮತ್ತೆ ಯಂತ್ರವೇರಿತು. ಮುಳ್ಳು ಉಳಿದೆರಡರ ಜಾಗಕ್ಕೇ ಬಂದು ನಿಂತಿತು. ಕಾವಲುಗಾರ ಕಣ್ಣೊರೆಸಿಕೊಂಡ.

ತೀರ್ಪುಗಾರ ಮೂರರ ಸೊಂಟವನ್ನೂ ಹಿಡಿದು ನೋಡಿ, ಇಷ್ಟು ಸಮನಾದ ಮರಿಗಳನ್ನು ತಾನು ಕಂಡೇ ಇಲ್ಲವೆಂದ. ಮೊದಲ ಬಹುಮಾನ ಬಂತು. ಬಹುಮಾನ ಕೊಡಲು ಬಂದ ಮುಖ್ಯ ಅತಿಥಿ ಬೇರೆ ಯಾರೂ ಅಲ್ಲ, ಹೆಡ್ ಆಫೀಸಿನ ದೊಡ್ಡ ಸಾಹೇಬರು. ಮೊಲವೆಂದರೆ ಅವರಿಗೂ ಪ್ರಾಣ. ಬಂಗಲೆಯ ಹಿಂದೆ ಅವರದ್ದೂ ಪಂಜರಗಳಿದ್ದವು, ಆದರೆ ಮರಿಗಳು ಒಂದು ಆನೆ, ಒಂದು ಇಲಿಯ ಹಾಗೆ ಬೆಳೆಯುತ್ತಿದ್ದವು. ಇವನ್ನು ಸಾಕಿದ್ದು ಯಾರೆಂದು ಅವರು ಕೇಳಿದರು.

ಮ್ಯಾನೇಜರರು ಗುಮಾಸ್ತನ ಕಡೆ ತಿರುಗಿಯೂ ನೋಡಲಿಲ್ಲ. “ನಾನೇ ಸರ್. ಕೈಯಾರೆ.”

ಗುಮಾಸ್ತನಿಗೆ ಬೇಸರವಾಗಲಿಲ್ಲ. ಹೆಸರು ಯಾರದಾದರೇನು, ಬಹುಮಾನ ಬಂತಲ್ಲ. ಸಾಹೇಬರು ಮೇವಿನ ಲೆಕ್ಕ ಕೇಳಿದರು. ಮ್ಯಾನೇಜರರು ತಡವರಿಸಿದಾಗ ಗುಮಾಸ್ತ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ. ತೂಗುವ ಹೊತ್ತು ಕೇಳಿದರು. ಅದನ್ನೂ ಪಿಸುಗುಟ್ಟಿದ. ತಾಯಿಯಿಂದ ಬಿಡಿಸಿದ ವಾರ ಮರಿಯ ತೂಕ ಇಳಿದುಹೋದರೆ ಏನು ಮಾಡುವುದೆಂದು ಕೇಳಿದಾಗ, ಉತ್ಸಾಹದಲ್ಲಿ ತುಸು ಹೆಚ್ಚೇ ಪಿಸುಗುಟ್ಟಿದ. ಸಾಹೇಬರು ಮ್ಯಾನೇಜರರ ಪ್ಯಾಂಟಿನ ಕಲೆಯನ್ನು ನೋಡಿ, ನೆಲಕ್ಕಿಳಿದು ಕೆಲಸ ಮಾಡುವವನ ಗುರುತು ಇದು ಎಂದು ಬೆನ್ನು ತಟ್ಟಿದರು.

“ನಿಮ್ಮಂಥೋರು ನಮ್ಮ ಹತ್ರ ಇರ್ಬೇಕು,” ಎಂದರು. “ಹೆಡ್ ಆಫೀಸಲ್ಲಿ ಒಂದು ಜಾಗ ಖಾಲಿ ಇದೆ. ಅದನ್ನೇ ಮ್ಯಾನೇಜರ್ ಜಾಗ ಮಾಡ್ಸಿ ನಿಮ್ಮನ್ನ ಕರೆಸ್ಕೋತೀನಿ. ಸೋಮವಾರವೇ ಬಂದ್ಬಿಡಿ. ನಿಮ್ಮ ಮೊಲಗಳನ್ನೂ ತನ್ನಿ, ಆಗಾಗ ಬಂದು ನೋಡ್ತೀನಿ.”

ಗುಮಾಸ್ತ ಒಂದು ಹೆಜ್ಜೆ ಮುಂದೆ ಬಂದ. ನಾನು ಸಾಕಿದ್ದು ಎನ್ನಲು ಬಾಯಿ ತೆರೆದ. ಆದರೆ ಮ್ಯಾನೇಜರರನ್ನು ಅವರ ದೊಡ್ಡ ಸಾಹೇಬರ ಎದುರು ಸುಳ್ಳನೆಂದು ಕರೆದು ಆಮೇಲೆ ಬದುಕುವುದೆಲ್ಲಿ? ಬಾಯಿ ಹಾಗೇ ಮುಚ್ಚಿತು. ಬಹುಮಾನ ಗೆದ್ದ ಮೂರು ಮೊಲಗಳನ್ನು ಒಬ್ಬ ಹೋಟೆಲಿನವನು ಕೊಂಡುಹೋದ. ಗೆದ್ದು ಅವಕ್ಕೂ ಏನೂ ಪ್ರಯೋಜನವಾಗಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಮ್ಯಾನೇಜರರು ಗುಮಾಸ್ತನಿಗಿಂತ ಹೆಚ್ಚು ಕಂಗೆಟ್ಟಿದ್ದರು. ನಿಮ್ಮ ಅರ್ಜಿಯ ವಿಷಯ ಇನ್ನು ಮುಂದೆ ಬರುವ ಮ್ಯಾನೇಜರಿಗೆ ಬಿಟ್ಟದ್ದು, ನನ್ನ ಕೈಲಿ ಏನೂ ಇಲ್ಲ ಎಂದರು. ಗೋದಾಮಿನ ಹಿತ್ತಿಲಿನಲ್ಲಿ ತಾಯಿಮೊಲಗಳಿದ್ದವು, ಮುಂದಿನ ಸೂಲಿನ ಮರಿಗಳಿದ್ದವು. ಅವನ್ನೆಲ್ಲ ಹೊಸ ಊರಿಗೆ ಒಯ್ದು ಇಡುವುದೆಲ್ಲಿ? ತಮ್ಮ ಹೆಂಡತಿ ಪಂಜರವನ್ನು ಹೊಸಿಲು ದಾಟಲು ಬಿಡುವುದುಂಟೇ?

ಬಹಳ ಹೊತ್ತಿನ ಮೇಲೆ ಅವರ ಮುಖ ತಿಳಿಯಾಯಿತು.

“ನಿಮ್ಮ ಮನೆಯವರು ಆ ಊರಲ್ಲೇ ಇರೋದು, ಅಲ್ವಾ? ನೀವು ಫೋನಲ್ಲಿ ಒಂದೊಂದೂ ಹೇಳ್ಕೊಟ್ರೆ ಅವ್ರೇ ತೂಗಿ ನೋಡ್ಕೋತಾರೆ. ನರ್ಸು ಬೇರೆ.”

“ಸಣ್ಣ ಮನೆ ಸರ್,” ಎಂದ ಗುಮಾಸ್ತ. “ಎರಡೇ ಕೋಣೆ. ಪಂಜರ ಇಡೋಕೆ ಜಾಗ ಇಲ್ಲ.”

“ಜಾಗ ಯಾಕಿಲ್ಲ?” ಎಂದರು ಮ್ಯಾನೇಜರರು ಸಮಾಧಾನದ ದನಿಯಲ್ಲಿ. “ಹೇಗೂ ನೀವಲ್ಲಿ ಇರೋದಿಲ್ವಲ್ಲ.”